ಶಾಲೆ ಬಿಟ್ಟ ಯುವಜನರನ್ನು ತರಬೇತಿಗೆ, ಕೆಲಸಕ್ಕೆ ತಲುಪಿಸುವ ಬಗೆ: ಪಂಚಾಯಿತಿ ಮತ್ತು ವಾರ್ಡ್ ಮಟ್ಟದ ಗುಂಪುಗಳಿಗೊಂದು ಮಾರ್ಗದರ್ಶಿ

ಹತ್ತನೇ ತರಗತಿಯಲ್ಲಿ ಅನುತ್ತೀರ್ಣರಾಗಿಯೋ ಅದಕ್ಕೂ ಮೊದಲೇ ಶಾಲೆ ಬಿಟ್ಟೋ, ಒಂದು ವಾರ ಗಾರೆ ಕೆಲಸ, ಮುಂದಿನ ವಾರ ಕೇಟರಿಂಗ್, ಆಮೇಲೆ ಹದಿನೈದು ದಿನ ಏನೂ ಇಲ್ಲ ಎಂಬಂತೆ ಕಾಲ ನೂಕುತ್ತಿರುವ ಹುಡುಗರು, ಮನೆಗೆಲಸ ಮತ್ತು ಮದುವೆಯ ಮಾತುಕತೆಯ ನಡುವೆ ಸಿಕ್ಕಿಕೊಂಡಿರುವ ಹುಡುಗಿಯರು ಕರ್ನಾಟಕದ ಹಳ್ಳಿಗಳಲ್ಲೂ ನಗರದ ಕೊಳೆಗೇರಿಗಳಲ್ಲೂ ಹುಡುಕಿದರೆ ಸಿಗುತ್ತಾರೆ. ಅವರಿಗಾಗಿ ಏನಾದರೂ ಮಾಡಬೇಕೆಂದು ಹೊರಡುವ ಯುವಕ ಸಂಘ, ಸ್ವಸಹಾಯ ಸಂಘಗಳ ಒಕ್ಕೂಟ, ನಿವೃತ್ತ ಶಿಕ್ಷಕರ ಗುಂಪು ಸಾಮಾನ್ಯವಾಗಿ ಮೊದಲು ಯೋಚಿಸುವುದು ಒಂದು ಕೊಠಡಿ, ಹತ್ತು ಹೊಲಿಗೆ ಯಂತ್ರ, ಐದು ಕಂಪ್ಯೂಟರ್ ಎಂದು. ಈ ಬರಹದ ಮೊದಲ ಸಲಹೆಯೇ ಅದನ್ನು ಮಾಡಬೇಡಿ ಎಂಬುದು.

ಕಲಿಸುವ ಜಾಗಗಳು ಈಗಾಗಲೇ ಇವೆ. ತಾಲ್ಲೂಕಿನಲ್ಲೋ ಪಕ್ಕದ ತಾಲ್ಲೂಕಿನಲ್ಲೋ ಸರ್ಕಾರಿ ಐಟಿಐ ಇದೆ, ಜಿಲ್ಲೆಯಲ್ಲಿ ಬ್ಯಾಂಕ್ ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇದೆ, ಕೌಶಲ್ಯಾಭಿವೃದ್ಧಿ ಇಲಾಖೆಯ ಯೋಜನೆಗಳಿವೆ. ಇಲ್ಲದಿರುವುದು ಈ ಹುಡುಗನ ಮನೆಯಿಂದ ಆ ಕೇಂದ್ರದ ಬಾಗಿಲವರೆಗೆ, ಅಲ್ಲಿಂದ ಕೆಲಸದ ಜಾಗದವರೆಗೆ, ಕೆಲಸ ಸಿಕ್ಕ ಮೇಲೆ ಮೊದಲ ಆರು ತಿಂಗಳವರೆಗೆ ಜೊತೆಯಲ್ಲಿ ನಿಲ್ಲುವ ಜನ. ದಾಖಲೆ ಇಲ್ಲದ್ದಕ್ಕೆ, ದಿನಗೂಲಿ ತಪ್ಪಿದ್ದಕ್ಕೆ, ಮನೆಯಲ್ಲಿ ಒಪ್ಪದ್ದಕ್ಕೆ, ಊರು ಬಿಟ್ಟು ಹೋಗಿ ಮೊದಲ ಸಂಬಳದವರೆಗೆ ಕೈಯಲ್ಲಿ ಕಾಸಿಲ್ಲದ್ದಕ್ಕೆ ಬಿಟ್ಟು ಬಂದವರ ಸಂಖ್ಯೆ ಪಾಠ ಕಷ್ಟವಾಗಿ ಬಿಟ್ಟವರ ಸಂಖ್ಯೆಗಿಂತ ದೊಡ್ಡದು ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಮೂರು ನಾಲ್ಕು ಜನರ ಗುಂಪು, ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಯುವಜನರ ಜವಾಬ್ದಾರಿ ಹೊತ್ತರೆ ಅದೇ ಸಾಕಷ್ಟು ಕೆಲಸ.

ವಯಸ್ಸನ್ನು ಮೊದಲು ನೋಡಿ

ಹದಿನಾಲ್ಕು ತುಂಬದವರಿಗೆ ಉದ್ಯೋಗ ತರಬೇತಿಯ ಮಾತೇ ಆಡಬಾರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ನಿಮ್ಮ ಕೆಲಸ ಮುಖ್ಯ ಶಿಕ್ಷಕರನ್ನು, ಅಗತ್ಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಂಡು ದಾಖಲಾತಿ ಮಾಡಿಸುವುದು. ಮಗು ಎಲ್ಲಾದರೂ ದುಡಿಮೆಯಲ್ಲಿ ಸಿಕ್ಕಿಕೊಂಡಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಹದಿನಾಲ್ಕರಿಂದ ಹದಿನೆಂಟರವರೆಗಿನವರು ಕಾನೂನಿನ ಭಾಷೆಯಲ್ಲಿ ಕಿಶೋರ ಕಾರ್ಮಿಕರು. 2016ರ ತಿದ್ದುಪಡಿಯ ನಂತರ ಇವರನ್ನು ಗಣಿ, ಸ್ಫೋಟಕ ಮತ್ತು ಬೆಂಕಿ ಹೊತ್ತಿಕೊಳ್ಳುವ ವಸ್ತುಗಳು, ಅಪಾಯಕಾರಿ ಪ್ರಕ್ರಿಯೆಗಳಿರುವ ಕೆಲಸಗಳಲ್ಲಿ ತೊಡಗಿಸುವಂತಿಲ್ಲ. ಐಟಿಐಗೆ 14 ತುಂಬಿದ್ದರೆ ಸೇರಬಹುದು. ಆದರೆ ಬ್ಯಾಂಕುಗಳ ಸ್ವ-ಉದ್ಯೋಗ ತರಬೇತಿಗೆ 18 ತುಂಬಿರಬೇಕು. ಹದಿನಾರರ ಹುಡುಗನಿಗೆ ಮೊಬೈಲ್ ರಿಪೇರಿ ಕಲಿಸುವ ಆಸೆ ಹುಟ್ಟಿಸಿ, ಕೇಂದ್ರದ ಬಾಗಿಲಲ್ಲಿ ವಯಸ್ಸು ಸಾಲದೆಂದು ವಾಪಸ್ಸು ಕರೆತಂದರೆ ಅವನು ನಿಮ್ಮ ಎರಡನೇ ಮಾತನ್ನು ಕೇಳುವುದಿಲ್ಲ.

ಹುಡುಕುವುದು, ಮೊದಲ ಮಾತು

ಧ್ವನಿವರ್ಧಕದಲ್ಲಿ ಕೂಗಿಸಿದರೆ, ಕರಪತ್ರ ಹಂಚಿದರೆ ಬರುವವರು ಬೇರೆ. ಅವರು ಪಿಯುಸಿ, ಪದವಿ ಮುಗಿಸಿ ಇನ್ನೊಂದು ಪ್ರಮಾಣಪತ್ರ ಹುಡುಕುತ್ತಿರುವವರು. ನಿಮಗೆ ಬೇಕಾದವರು ಬರುವುದಿಲ್ಲ, ನೀವೇ ಹೋಗಬೇಕು. ಪ್ರೌಢಶಾಲೆಯ ದಾಖಲಾತಿ ಪುಸ್ತಕದಲ್ಲಿ ಕಳೆದ ಮೂರು ವರ್ಷಗಳಲ್ಲಿ ಎಂಟು, ಒಂಬತ್ತನೇ ತರಗತಿಯಿಂದ ಮುಂದಕ್ಕೆ ಹೋಗದವರು ಯಾರು, ಹತ್ತನೇ ತರಗತಿಯಲ್ಲಿ ಅನುತ್ತೀರ್ಣರಾಗಿ ಮರುಪರೀಕ್ಷೆಗೆ ಕಟ್ಟದವರು ಯಾರು ಎಂಬುದು ಮುಖ್ಯ ಶಿಕ್ಷಕರಿಗೆ ತಿಳಿದಿರುತ್ತದೆ. ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಹುಡುಗಿ ಮನೆಯಲ್ಲೇ ಉಳಿದಿದ್ದಾಳೆ ಎಂಬುದು ಗೊತ್ತು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಕಾಲ ನೋಡಿಕೊಳ್ಳಬೇಕು: ದಸರಾ ಮುಗಿದ ಮೇಲೆ ಕಬ್ಬು ಕಡಿಯಲೆಂದೋ ಬೆಂಗಳೂರಿನ ಕಟ್ಟಡ ಕೆಲಸಕ್ಕೆಂದೋ ಗುಳೆ ಹೋದ ಮನೆಗೆ ಬೀಗ ಬಿದ್ದಿರುತ್ತದೆ, ಯುಗಾದಿಯ ಹೊತ್ತಿಗೆ ಜನ ಊರಿನಲ್ಲಿರುತ್ತಾರೆ. ಐಟಿಐ ಪ್ರವೇಶದ ಅರ್ಜಿಗಳು ಅದರ ಹಿಂದೆಯೇ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಬರುವುದರಿಂದ ಯುಗಾದಿಯ ಮುಂದಿನ ಒಂದೂವರೆ ತಿಂಗಳು ಮನೆ ಭೇಟಿಗೆ ಮೀಸಲಿಡುವುದು ಒಳ್ಳೆಯದು.

ಮೊದಲ ಭೇಟಿಯಲ್ಲಿ ಪುಸ್ತಕ ತೆರೆದು ಬರೆದುಕೊಳ್ಳಬೇಡಿ. "ಯಾಕಪ್ಪಾ ಶಾಲೆ ಬಿಟ್ಟೆ?" ಎಂಬ ಪ್ರಶ್ನೆಗೆ ಅವನು ಈಗಾಗಲೇ ಹತ್ತು ಜನರಿಗೆ ಉತ್ತರ ಕೊಟ್ಟು ಬೇಸತ್ತಿರುತ್ತಾನೆ. "ಈಗ ಏನು ಕೆಲಸ ಮಾಡ್ತಿದ್ದೀಯ ತಮ್ಮಾ, ದಿನಕ್ಕೆ ಎಷ್ಟು ಬೀಳುತ್ತೆ, ಮನೆಗೆ ಎಷ್ಟು ಕೊಡ್ತೀಯ?" ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ, ಜೊತೆಗೆ ನಿಮಗೆ ಬೇಕಾದ ಬಹುಮುಖ್ಯ ಮಾಹಿತಿಯೂ ಸಿಗುತ್ತದೆ: ಆ ಮನೆ ಅವನ ಕೂಲಿಯಿಲ್ಲದೆ ಎಷ್ಟು ದಿನ ತಡೆದುಕೊಳ್ಳಬಲ್ಲದು. ತಿಂಗಳಿಗೆ ಎಂಟು ಸಾವಿರ ಮನೆಗೆ ಕೊಡುತ್ತಿರುವ ಹುಡುಗನಿಗೆ ಎರಡು ವರ್ಷದ ಐಟಿಐ ಎಷ್ಟೇ ಒಳ್ಳೆಯದಿದ್ದರೂ ಅದು ಅವನ ದಾರಿಯಲ್ಲ. ಅವನಿಗೆ ಸಂಜೆಯ ಪಾಠ, ಸ್ಟೈಪೆಂಡ್ ಇರುವ ಶಿಶಿಕ್ಷು ತರಬೇತಿ (ಅಪ್ರೆಂಟಿಸ್ ಆಗಿ ದುಡಿಯುತ್ತಲೇ ಕಲಿಯುವುದು), ಅಥವಾ ಮೂವತ್ತು ದಿನದ ವಸತಿ ತರಬೇತಿ ನೋಡಬೇಕು. ತಾಯಿಯ ಜೊತೆ ಬೇರೆಯಾಗಿ ಮಾತಾಡಿ. ಹುಡುಗ ಒಪ್ಪಿ ತಾಯಿ ಒಪ್ಪದ ಮನೆಯಲ್ಲಿ ತರಬೇತಿ ಮುಗಿಯುವುದಿಲ್ಲ.

ದಾಖಲೆ

ಈ ಕೆಲಸದ ಅರ್ಧದಷ್ಟು ಸಮಯ ಕಾಗದಪತ್ರಕ್ಕೇ ಹೋಗುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಸಿಟ್ಟು ಬರುವುದಿಲ್ಲ. ಬೇಕಾಗುವವು ಇಷ್ಟು: ಆಧಾರ್, ವರ್ಗಾವಣೆ ಪತ್ರ ಅಂದರೆ ಟಿಸಿ, ಕೊನೆಯ ತರಗತಿಯ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಸ್ವಂತ ಹೆಸರಿನ ಬ್ಯಾಂಕ್ ಖಾತೆ, ಕೈಗೆ ಸಿಗುವ ಮೊಬೈಲ್ ಸಂಖ್ಯೆ.

ಹೆಸರಿನ ತೊಡಕೇ ದೊಡ್ಡದು. ಅಂಕಪಟ್ಟಿಯಲ್ಲಿ ಮಂಜುನಾಥ ಬಿ., ಆಧಾರ್‌ನಲ್ಲಿ ಬಿ. ಮಂಜುನಾಥ್, ಪಾಸ್‌ಬುಕ್ಕಿನಲ್ಲಿ ಬರೀ ಮಂಜು ಎಂದಿದ್ದರೆ ಆನ್‌ಲೈನ್ ಅರ್ಜಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿ ಇದ್ದರೆ ಅದರ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಹೊಂದಿಸುವುದು ಸುಲಭ, ಏಕೆಂದರೆ ಅಂಕಪಟ್ಟಿಯನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಹುಟ್ಟಿದ ದಿನಾಂಕವನ್ನು ಒಂದೇ ಬಾರಿ ಬದಲಿಸಲು ಅವಕಾಶವಿರುವುದರಿಂದ ಅವಸರದಲ್ಲಿ ತಿದ್ದಿಸಿ ಆ ಅವಕಾಶವನ್ನು ಕಳೆದುಕೊಳ್ಳಬಾರದು. ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ: 15 ತುಂಬಿದಾಗ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ಕೊಡಲೇಬೇಕು. ಶಾಲೆಯಲ್ಲಿದ್ದವರಿಗೆ ಯಾರಾದರೂ ನೆನಪಿಸುತ್ತಾರೆ, ಬಿಟ್ಟವರಿಗೆ ಹೇಳುವವರಿಲ್ಲ. ತರಬೇತಿ ಕೇಂದ್ರದಲ್ಲಿ ದಿನದ ಹಾಜರಿ ಬೆರಳಚ್ಚಿನಲ್ಲೇ ಆಗುವಾಗ ಯಂತ್ರ ಅವನನ್ನು ಗುರುತಿಸದೆ ಹೋಗುತ್ತದೆ.

ಟಿಸಿಯನ್ನು ಶುಲ್ಕ ಬಾಕಿಯ ಕಾರಣಕ್ಕೆ ಖಾಸಗಿ ಶಾಲೆ ತಡೆಹಿಡಿದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಬಾಯಿಮಾತಿನ ವಿನಂತಿ ಕೆಲಸಕ್ಕೆ ಬಾರದು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಬೇಕು, ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಮನೆಯಲ್ಲಿ ಹಳೆಯದಿದ್ದರೆ ದಿನಾಂಕ ನೋಡಿ. ಬ್ಯಾಂಕ್ ಖಾತೆ ಇದ್ದರೆ ಸಾಲದು. ಅದು ಆಧಾರ್‌ಗೆ ಜೋಡಣೆಯಾಗಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೂಲಕ ಬರುವ ಹಣ ಇದೇ ಖಾತೆಗೆ ಸೇರುವ ನೋಂದಣಿ, ಆಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಸ್ಟೈಪೆಂಡಿನ ಹಣ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಓಟಿಪಿ ಬರುವ ಸಂಖ್ಯೆ ಯಾರ ಬಳಿ ಇದೆ ಎಂಬುದನ್ನೂ ಕೇಳಿ. ಎಷ್ಟೋ ಮನೆಗಳಲ್ಲಿ ಅದು ಎರಡು ವರ್ಷದ ಹಿಂದೆ ರೀಚಾರ್ಜ್ ಮಾಡದೆ ಬಿಟ್ಟುಹೋದ ಚಿಕ್ಕಪ್ಪನ ಸಿಮ್ ಆಗಿರುತ್ತದೆ.

ಮೂಲ ದಾಖಲೆಗಳನ್ನು ನೀವು ಇಟ್ಟುಕೊಳ್ಳಬೇಡಿ. ನಕಲು ತೆಗೆದು, ಮೂಲವನ್ನು ಪ್ಲಾಸ್ಟಿಕ್ ಕಡತದಲ್ಲಿ ಹಾಕಿ ಮನೆಗೇ ವಾಪಸ್ಸು ಕೊಡಿ. ಕೆಲಸ ಕೊಡಿಸುವ ಏಜೆಂಟರು, ಕೆಲವು ಮಾಲೀಕರು ಮೂಲ ಅಂಕಪಟ್ಟಿ ಕೇಳುವುದುಂಟು. ಕೊಡಬಾರದು ಎಂಬುದನ್ನು, ಕೆಲಸಕ್ಕಾಗಿ ಠೇವಣಿ ಕೇಳುವವನು ಮೋಸಗಾರನೇ ಎಂಬುದನ್ನು ಹುಡುಗರಿಗೆ ಮೊದಲ ವಾರದಲ್ಲೇ ಹೇಳಿಬಿಡಿ.

ಹತ್ತನೇ ತರಗತಿಯನ್ನು ಮುಗಿಸುವುದು

ಕೆಲಸ ಸಿಕ್ಕರೆ ಓದು ಯಾಕೆ ಎಂಬ ವಾದ ಮನೆಯಲ್ಲೂ ಹುಡುಗನಲ್ಲೂ ಇರುತ್ತದೆ. ಆದರೆ ಐಟಿಐಯಲ್ಲಿ ಎಂಟನೇ ತರಗತಿ ಪಾಸಾದವರಿಗೆ ವೆಲ್ಡರ್, ವೈರ್‌ಮನ್‌ನಂಥ ಕೆಲವೇ ವೃತ್ತಿಗಳು ತೆರೆದಿವೆ, ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್‌ಗೆ ಹತ್ತನೇ ತರಗತಿ ಬೇಕೇ ಬೇಕು. ಚಾಲನಾ ಪರವಾನಗಿಯಿಂದ ಹಿಡಿದು ಸೆಕ್ಯೂರಿಟಿ ಕೆಲಸದವರೆಗೆ ಹುಟ್ಟಿದ ದಿನಾಂಕದ ಪುರಾವೆಯಾಗಿಯೂ ಆ ಅಂಕಪಟ್ಟಿ ನಡೆಯುತ್ತದೆ. ಹಾಗಾಗಿ ತರಬೇತಿಯ ಜೊತೆಗೇ ಹತ್ತನೇ ತರಗತಿಯನ್ನು ಮುಗಿಸುವ ಏರ್ಪಾಡು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನುತ್ತೀರ್ಣರಾದವರು ಉಳಿದ ವಿಷಯಗಳನ್ನಷ್ಟೇ ಬರೆಯಬಹುದು. 2024ರಿಂದ ರಾಜ್ಯದ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸುತ್ತಿರುವುದರಿಂದ ಒಮ್ಮೆ ತಪ್ಪಿದರೆ ಪೂರ್ತಿ ವರ್ಷ ಕಾಯಬೇಕಾದ ಕಾಲ ಹೋಗಿದೆ. ಒಂಬತ್ತಕ್ಕೂ ಮೊದಲೇ ಬಿಟ್ಟವರು 15 ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಅಥವಾ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ನೋಂದಾಯಿಸಬಹುದು. 1989ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಕಾಲಾವಕಾಶವಿದೆ, ವಿಷಯಗಳನ್ನು ಒಂದೊಂದಾಗಿ ಮುಗಿಸಬಹುದು, ಗಣಿತ ಕಡ್ಡಾಯವಲ್ಲ. ಈ ಕೊನೆಯ ಅನುಕೂಲವೇ ಒಂದು ಬಲೆಯೂ ಹೌದು: ಎಲೆಕ್ಟ್ರಿಷಿಯನ್ ವೃತ್ತಿಗೆ ಹತ್ತರಲ್ಲಿ ಗಣಿತ, ವಿಜ್ಞಾನ ಓದಿರಬೇಕು. ಹುಡುಗನ ಮನಸ್ಸಿನಲ್ಲಿ ಯಾವ ವೃತ್ತಿಯಿದೆ ಎಂದು ತಿಳಿಯದೆ ಸುಲಭದ ವಿಷಯಗಳನ್ನು ಆಯ್ದುಕೊಟ್ಟರೆ ಮುಂದಿನ ಬಾಗಿಲು ಮುಚ್ಚುತ್ತದೆ. ಪಠ್ಯ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಎಂಬುದನ್ನೂ ನೋಂದಣಿಗೆ ಮೊದಲೇ ವಿಚಾರಿಸಿ.

ಪಾಠಕ್ಕೆ ಜಾಗವಾಗಿ ಪಂಚಾಯಿತಿಯ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ಒಳ್ಳೆಯ ಆಯ್ಕೆ. ಶಾಲೆಯ ಕೊಠಡಿ ಬೇಡ. ಬಿಟ್ಟು ಬಂದ ಜಾಗಕ್ಕೆ, ಅದೇ ಬೆಂಚಿಗೆ ಮತ್ತೆ ಹೋಗಿ ಕೂರಲು ಹದಿನೆಂಟರ ಹುಡುಗನಿಗೆ ನಾಚಿಕೆ. ವಾರಕ್ಕೆ ನಾಲ್ಕು ಸಂಜೆ, ಏಳರಿಂದ ಎಂಟೂವರೆ ಸಾಕು. ದಿನವಿಡೀ ಇಟ್ಟಿಗೆ ಹೊತ್ತು ಬಂದವನು ಅದಕ್ಕಿಂತ ಹೆಚ್ಚು ಹೊತ್ತು ಎಚ್ಚರವಿರುವುದಿಲ್ಲ, ಕೂರುವ ಮೊದಲು ಏನಾದರೂ ತಿನ್ನಲು ಕೊಡಿ.

ಗಣಿತವನ್ನು ಅವರ ಕೆಲಸದಿಂದಲೇ ಎತ್ತಿಕೊಳ್ಳಬೇಕು. ಟೈಲ್ಸ್ ಕೆಲಸಕ್ಕೆ ಹೋಗುವ ಹುಡುಗನ ಮುಂದೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಇಡಿ. ನೆಲ 120 ಚದರಡಿ. ಎರಡಡಿಗೆ ಎರಡಡಿಯ ಟೈಲ್ ಒಂದಕ್ಕೆ ನಾಲ್ಕು ಚದರಡಿ, ಹಾಗಾದರೆ 30 ಟೈಲ್. ಒಂದು ಬಾಕ್ಸಿಗೆ ನಾಲ್ಕು ಬಂದರೆ ಏಳೂವರೆ ಬಾಕ್ಸ್, ಅಂಗಡಿಯವನು ಅರ್ಧ ಬಾಕ್ಸ್ ಕೊಡುವುದಿಲ್ಲ, ಎಂಟು ತರಬೇಕು. ಉಳಿಯುವ ಎರಡು ಟೈಲ್ ಒಡಕಿಗೆ ಸಾಲುತ್ತದೆಯೇ? ಹನ್ನೆರಡು ಅಡಿಯ ಕಡೆಗೆ ಆರು, ಹತ್ತು ಅಡಿಯ ಕಡೆಗೆ ಐದು ಎಂದು ಸರಿಯಾಗಿ ಕೂರುವುದರಿಂದ ಕತ್ತರಿಸುವ ಕೆಲಸ ಕಡಿಮೆ ಎಂದು ಅವನೇ ನಿಮಗೆ ವಿವರಿಸುತ್ತಾನೆ; ಕೋಣೆ ಹತ್ತೂವರೆ ಅಡಿ ಇದ್ದರೆ ಏನಾಗುತ್ತದೆ ಎಂದು ಕೇಳಿದರೆ ಮೇಸ್ತ್ರಿಯಂತೆ ಯೋಚಿಸತೊಡಗುತ್ತಾನೆ. ಅಲ್ಲಿಂದ ಪಠ್ಯದ ವಿಸ್ತೀರ್ಣದ ಲೆಕ್ಕಕ್ಕೆ ಒಂದು ಹೆಜ್ಜೆ. ಅದೇ ರೀತಿ ಕೇಟರಿಂಗ್ ಹುಡುಗನಿಗೆ ಅನುಪಾತ, ಪೇಂಟಿಂಗ್ ಹುಡುಗನಿಗೆ ಶೇಕಡಾವಾರು. ಇಂಗ್ಲಿಷ್ ಮಾತ್ರ ಬೇರೆ ಕಥೆ, ಅದಕ್ಕೆ ಪಾಸಾಗಲು ಬೇಕಾದಷ್ಟನ್ನು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಉರು ಹೊಡೆಸುವುದೇ ಸದ್ಯದ ದಾರಿ ಎಂದು ಒಪ್ಪಿಕೊಳ್ಳುವುದು ವಾಸಿ.

ಯಾವ ತರಬೇತಿ, ಯಾವ ಕೇಂದ್ರ

1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿ ದೇಶದ ಉದ್ದಗಲಕ್ಕೂ ಹರಡಿ, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಾಗಿವೆ. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೈನುಗಾರಿಕೆಯಂಥವು ಸುಮಾರು ಹತ್ತು ದಿನ, ದ್ವಿಚಕ್ರ ವಾಹನ ರಿಪೇರಿಯಂಥವು ಸುಮಾರು ಮೂವತ್ತು ದಿನ. ತರಬೇತಿಯ ನಂತರ ಎರಡು ವರ್ಷ ಸಂಪರ್ಕದಲ್ಲಿದ್ದು ಬ್ಯಾಂಕ್ ಸಾಲಕ್ಕೆ ನೆರವಾಗುವುದು ಇವುಗಳ ಪದ್ಧತಿ. ಈಗಾಗಲೇ ಗ್ಯಾರೇಜಿನಲ್ಲಿ ಕೈ ಪಳಗಿಸಿಕೊಂಡು ಸ್ವಂತ ಅಂಗಡಿ ಇಡುವ ಹಂಬಲದಲ್ಲಿರುವ ಇಪ್ಪತ್ತರ ಯುವಕನಿಗೆ ಇದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ. ಆದರೆ ಸ್ಪ್ಯಾನರ್ ಹಿಡಿದೇ ಇಲ್ಲದವನನ್ನು ಕಳಿಸಿ, ಮೂವತ್ತು ದಿನಕ್ಕೆ ಮೆಕ್ಯಾನಿಕ್ ಆಗಿ ಬಾ ಎಂದರೆ ಆಗುವ ಮಾತಲ್ಲ. ಅಂಥವನು ಮೊದಲು ಎರಡು ವರ್ಷ ಬೇರೆಯವರ ಕೈಕೆಳಗೆ ದುಡಿಯಲಿ, ಸಾಲದ ಮಾತು ಆಮೇಲೆ.

ಕೆಲಸಕ್ಕೇ ಸೇರಬೇಕೆನ್ನುವ ಗ್ರಾಮೀಣ ಬಡ ಕುಟುಂಬದವರಿಗೆ 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. 15ರಿಂದ 35ರ ವಯೋಮಿತಿ, ರಾಜ್ಯದಲ್ಲಿ ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ಸಂಜೀವಿನಿ ಸಂಸ್ಥೆಯ ಮೂಲಕ ನಡೆಯುತ್ತದೆ, ಹಾಗಾಗಿ ನಿಮ್ಮ ಪಂಚಾಯಿತಿಯ ಸಂಘಗಳ ಒಕ್ಕೂಟವನ್ನು ಕೇಳಿದರೆ ಮುಂದಿನ ತಂಡದ ಸುದ್ದಿ ಸಿಗುತ್ತದೆ. ಓದು ಬರಹವೇ ಸರಿಯಾಗಿ ಬಾರದವರನ್ನು ಉಳಿದವರು ಸೇರಿಸಿಕೊಳ್ಳದಿದ್ದಾಗ ಜನ ಶಿಕ್ಷಣ ಸಂಸ್ಥಾನಗಳು ನೆನಪಿರಲಿ, ಅವು ಇರುವುದೇ ಅನಕ್ಷರಸ್ಥರಿಗೆ, ಶಾಲೆ ಬಿಟ್ಟವರಿಗೆ. ಹತ್ತನೇ ತರಗತಿಯಲ್ಲಿ ಗಣಿತ ಚೆನ್ನಾಗಿದ್ದು, ಮನೆಯ ಸ್ಥಿತಿ ಕೆಲವು ವರ್ಷ ತಾಳುವಂತಿದ್ದರೆ ಜಿಟಿಟಿಸಿಯ ಡಿಪ್ಲೊಮಾಗಳನ್ನು ನೋಡಿ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸರ್ಕಾರಿ ಉಪಕರಣಾಗಾರದ ಶಾಖೆಗಳು ಈಗ ಅನೇಕ ಜಿಲ್ಲೆಗಳಲ್ಲಿವೆ, ಅಲ್ಲಿಂದ ಹೊರಬಂದವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಅಂದಹಾಗೆ, ಯುವನಿಧಿಗೆ ಅರ್ಜಿ ಹಾಕಿಸಿ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಅದು ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಮಾತ್ರ. ನಾವು ಹೇಳುತ್ತಿರುವ ಹುಡುಗರು ಅದರೊಳಗೆ ಬರುವುದಿಲ್ಲ.

ಯೋಜನೆಯ ಹೆಸರಿಗಿಂತ ಕೇಂದ್ರ ಮುಖ್ಯ. ಒಂದೇ ಯೋಜನೆಯಡಿ ಒಂದು ಕೇಂದ್ರ ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಬೋರ್ಡು ಬಿಟ್ಟು ಬೇರೇನೂ ಇರುವುದಿಲ್ಲ. ಹುಡುಗನನ್ನು ಕಳಿಸುವ ಮೊದಲು ನೀವು ಹೋಗಿ, ಹೇಳದೆ, ಮಧ್ಯಾಹ್ನದ ಹೊತ್ತಿಗೆ ಹೋಗಿ. ವೆಲ್ಡಿಂಗ್ ಕೊಠಡಿಯಲ್ಲಿ ಸುಟ್ಟ ರಾಡುಗಳ ತುಣುಕು ನೆಲದ ಮೇಲೆ ಬಿದ್ದಿದೆಯೇ, ಕಸದ ಡಬ್ಬಿಯಲ್ಲಿ ಅಭ್ಯಾಸಕ್ಕೆ ಬೆಸುಗೆ ಹಾಕಿ ಎಸೆದ ತಗಡುಗಳಿವೆಯೇ ನೋಡಿ; ಯಂತ್ರ ಹೊಳೆಯುತ್ತಿದ್ದು ನೆಲ ಸ್ವಚ್ಛವಾಗಿದ್ದರೆ ಅಲ್ಲಿ ಯಾರೂ ಕಲಿಯುತ್ತಿಲ್ಲ ಎಂದರ್ಥ. ಕಳೆದ ತಂಡದ ಮೂರು ಜನರ ಜೊತೆ ಮಾತಾಡಿಸಿ ಎಂದು ಕೇಳಿ. ಮಾತಾಡಿಸಲು ಹಿಂಜರಿದರೆ ಬೇರೆ ಕೇಂದ್ರ ನೋಡಿ.

ದುಡಿಯುತ್ತಲೇ ಕಲಿಯಬೇಕಾದವರಿಗೆ ಶಿಶಿಕ್ಷು ಕಾಯ್ದೆಯ ದಾರಿಯಿದೆ. 1961ರ ಈ ಕಾಯ್ದೆಗೆ 2019ರಲ್ಲಿ ಬಂದ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳಲೇಬೇಕು, ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವವು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ ಕನಿಷ್ಠ 5,000 ರೂಪಾಯಿ, ಹತ್ತು ಪಾಸಾದವರಿಗೆ 6,000 ಎಂದು ಆ ನಿಯಮಗಳು ಗೊತ್ತುಪಡಿಸಿದವು. ದರ ಪರಿಷ್ಕರಣೆಯಾಗುವುದರಿಂದ ಸೇರಿಸುವಾಗ ಶಿಶಿಕ್ಷು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರವೇ ಭರಿಸುತ್ತದೆ. ಈ ಕೊನೆಯ ಮಾಹಿತಿ ತಾಲ್ಲೂಕು ಕೇಂದ್ರದ ವರ್ಕ್‌ಶಾಪ್ ಮಾಲೀಕರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನೋಂದಣಿಯ ಆನ್‌ಲೈನ್ ಕೆಲಸ ನಾವು ಮಾಡಿಕೊಡುತ್ತೇವೆ ಎಂದರೆ ಅರ್ಧ ಜನ ಒಪ್ಪುತ್ತಾರೆ.

ಇಬ್ಬರೇ ಇರುವ ಸಣ್ಣ ಗ್ಯಾರೇಜು ಇದರೊಳಗೆ ಬರುವುದಿಲ್ಲ. ಅಲ್ಲಿಗೆ ಸೇರಿಸುವಾಗ ಒಂದು ಪುಟದ ಒಪ್ಪಂದ ಬರೆದುಕೊಳ್ಳಿ: ಎಷ್ಟು ಗಂಟೆ ಕೆಲಸ, ವಾರದ ರಜೆ ಯಾವತ್ತು, ಕೈಗೆ ಎಷ್ಟು, ಮೊದಲ ಮೂರು ತಿಂಗಳಲ್ಲಿ ಏನೇನು ಕಲಿಸುತ್ತೀರಿ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಸಂಜೆ ಆರೂವರೆಗೆ ಬಿಡುತ್ತೀರಾ. ಕಾನೂನಿನ ಬಲ ಅದಕ್ಕೆ ಹೆಚ್ಚಿಲ್ಲದಿರಬಹುದು. ಆದರೂ ಸಹಿ ಹಾಕಿದ ಮಾಲೀಕ ಹುಡುಗನನ್ನು ಚಹಾ ತರಲು ಕಳಿಸುವುದಕ್ಕಿಂತ ಹೆಚ್ಚಾಗಿ ನಟ್ಟು ಬಿಚ್ಚಲು ಕೂರಿಸುತ್ತಾನೆ.

ಪೊಲೀಸ್ ಪ್ರಕರಣ, ವ್ಯಸನ, ಸಾಲ

ನಿಮ್ಮ ಗುಂಪಿಗೆ ಬರುವ ಕೆಲವರ ಮೇಲೆ ಬಾಲ ನ್ಯಾಯ ಮಂಡಳಿಯಲ್ಲಿ ಪ್ರಕರಣ ನಡೆದಿರುತ್ತದೆ. 2015ರ ಬಾಲ ನ್ಯಾಯ ಕಾಯ್ದೆ ಅವರ ಗುರುತನ್ನು ಬಯಲು ಮಾಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ, ಹಾಗೆಯೇ ಬಾಲ್ಯದ ಆ ಪ್ರಕರಣದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಎಂದು ಹೇಳುತ್ತದೆ. ಹದಿನಾರು ದಾಟಿ ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ತೀರ್ಮಾನವಾದವರು ಮಾತ್ರ ಇದಕ್ಕೆ ಹೊರತು. ಆದ್ದರಿಂದ ತರಬೇತಿ ಕೇಂದ್ರಕ್ಕಾಗಲಿ ಮಾಲೀಕರಿಗಾಗಲಿ ಈ ಸಂಗತಿಯನ್ನು ಹೇಳುವ ಅಗತ್ಯವೂ ಇಲ್ಲ, ಹಕ್ಕೂ ನಿಮಗಿಲ್ಲ. ಗುಂಪಿನೊಳಗೂ ಒಬ್ಬರಿಗೆ ಮಾತ್ರ ತಿಳಿದಿರಲಿ. ಬಾಲಮಂದಿರದಂಥ ಸಂಸ್ಥೆಗಳಿಂದ ಹದಿನೆಂಟಕ್ಕೆ ಹೊರಬರುವವರಿಗೆ ಕಾಯ್ದೆಯಲ್ಲೇ ಅನುಪಾಲನೆಯ, ಅಂದರೆ ಹೊರಬಂದ ಮೇಲೂ ಆಸರೆ ಕೊಡುವ, ಅವಕಾಶವಿದೆ, ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ಸಾಮಾನ್ಯವಾಗಿ 21ರ ವಯಸ್ಸಿನವರೆಗೆ ಸಿಗುತ್ತದೆ. ಅದಕ್ಕಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಅವರು ಹೊರಬೀಳುವ ಕೆಲವು ತಿಂಗಳ ಮೊದಲೇ ಕಾಣಬೇಕು.

ಕುಡಿತ, ಗಾಂಜಾ, ಇತ್ತೀಚೆಗೆ ಮೊಬೈಲಿನ ಜೂಜು ತರಬೇತಿಯನ್ನು ಅರ್ಧಕ್ಕೆ ನಿಲ್ಲಿಸುತ್ತವೆ. ಜೂಜಿನ ಸಾಲವನ್ನು ಹುಡುಗರು ಹೇಳಿಕೊಳ್ಳುವುದಿಲ್ಲ. ಇದ್ದಕ್ಕಿದ್ದಂತೆ ಹೆಚ್ಚು ಕೂಲಿಯ ರಾತ್ರಿ ಕೆಲಸ ಹುಡುಕತೊಡಗಿದರೆ, ಫೋನ್ ಬಂದಾಗಲೆಲ್ಲ ಎದ್ದು ಹೊರಗೆ ಹೋದರೆ ಕೇಳಿ ನೋಡಬೇಕು. ವ್ಯಸನಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416, ಎರಡೂ ಉಚಿತ ಕರೆಗಳು. ಬುದ್ಧಿವಾದ ಹೇಳುವ ಕೆಲಸ ನಿಮ್ಮದಲ್ಲ.

ನಿಮ್ಮ ಗುಂಪಿನೊಳಗೂ ನಿಯಮವಿರಲಿ. ಹದಿನೆಂಟರೊಳಗಿನವರ ಜೊತೆ ಮುಚ್ಚಿದ ಕೋಣೆಯಲ್ಲಿ ಯಾರೂ ಒಬ್ಬರೇ ಇರಬಾರದು, ಅವರ ಫೋಟೊವನ್ನು ಎಲ್ಲೂ ಹಾಕಬಾರದು, ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.

ಹುಡುಗಿಯರ ವಿಷಯ

ಹುಡುಗಿಯರೆಂದರೆ ಹೊಲಿಗೆ ಅಥವಾ ಬ್ಯೂಟಿಷಿಯನ್ ಎಂದು ಅರ್ಜಿ ತುಂಬಿಬಿಡುವ ಅಭ್ಯಾಸವನ್ನು ಬಿಡಬೇಕು. ಒಂದೇ ಊರಿನಲ್ಲಿ ಹದಿನೈದು ಜನ ಹೊಲಿಗೆ ಕಲಿತರೆ ಬ್ಲೌಸ್ ಹೊಲಿಸಿಕೊಳ್ಳುವವರು ಎಲ್ಲಿಂದ ಬರಬೇಕು? ಎಲೆಕ್ಟ್ರಾನಿಕ್ಸ್ ಜೋಡಣೆ, ಆಸ್ಪತ್ರೆಯ ಸಹಾಯಕಿ, ಅಂಗಡಿ ಲೆಕ್ಕಪತ್ರ, ಸಿಎನ್‌ಸಿ ಯಂತ್ರ ಇವನ್ನೆಲ್ಲ ತೋರಿಸಿ, ಆಮೇಲೆ ಕೇಳಿ. ತಾಯಿಯನ್ನೂ ಅಜ್ಜಿಯನ್ನೂ ಕೇಂದ್ರಕ್ಕೆ ಕರೆದೊಯ್ದು ಶೌಚಾಲಯ, ಹಾಸ್ಟೆಲ್, ವಾರ್ಡನ್ ಎಲ್ಲವನ್ನೂ ಕಣ್ಣಾರೆ ತೋರಿಸಿದರೆ ಆ ಒಂದು ಪ್ರಯಾಣ ಹತ್ತು ಸಭೆಗೆ ಸಮ. 2023ರ ಜೂನ್‌ನಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲದಿರುವುದು ದಿನನಿತ್ಯ ಓಡಾಡುವವರಿಗೆ ದೊಡ್ಡ ಅನುಕೂಲ, ಆದರೆ ಸಂಜೆ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ನೋಡಿಯೇ ತರಗತಿಯ ಸಮಯ ಒಪ್ಪಿಕೊಳ್ಳಿ. ಚಿಕ್ಕ ಮಗುವಿರುವ ತಾಯಿಯಾದರೆ ಪಂಚಾಯಿತಿಯ ಕೂಸಿನ ಮನೆಯಲ್ಲಿ ಜಾಗವಿದೆಯೇ ಕೇಳಿ. ಹದಿನೆಂಟರೊಳಗೆ ಮದುವೆಯ ತಯಾರಿ ನಡೆದಿದ್ದರೆ 1098ಕ್ಕೆ ತಿಳಿಸಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಕೆಲಸಕ್ಕೆ ಸೇರಿಸುವ ದಿನ ಆ ಸಮಿತಿಯ ಬೋರ್ಡು ಎಲ್ಲಿದೆ ಎಂದು ಕೇಳಿದರೆ ಕೇಳಿಸಿಕೊಂಡವರು ಎಚ್ಚರವಾಗಿರುತ್ತಾರೆ.

ಕೆಲಸಕ್ಕೆ ಸೇರಿದ ಮೇಲೆ

ತರಬೇತಿ ಕೇಂದ್ರದ ಲೆಕ್ಕ ಇಲ್ಲಿಗೆ ಮುಗಿಯುತ್ತಾ ಬರುತ್ತದೆ, ನಿಮ್ಮ ಕಠಿಣ ಕೆಲಸ ಇಲ್ಲಿಂದ ಶುರು. ಐದನೇ ತಾರೀಕು ಬೆಂಗಳೂರಿನ ಕಾರ್ಖಾನೆಗೆ ಸೇರಿದವನಿಗೆ ಮೊದಲ ಸಂಬಳ ಬರುವುದು ಮುಂದಿನ ತಿಂಗಳು ಏಳಕ್ಕೋ ಹತ್ತಕ್ಕೋ. ಆ ಐದು ವಾರ ಪಿಜಿ ಬಾಡಿಗೆ, ಊಟ, ಬಸ್ಸಿಗೆ ಕೈಯಲ್ಲಿ ಹಣವಿಲ್ಲದೆ ಸಾಲ ಮಾಡುತ್ತಾನೆ, ಇಲ್ಲವೇ ಬ್ಯಾಗು ಹೊತ್ತು ಊರಿಗೆ ಬರುತ್ತಾನೆ. ಗುಂಪು ಸಂಗ್ರಹಿಸುವ ಹಣದಲ್ಲಿ ಮೊದಲ ಪಾಲು ಇದಕ್ಕೆ ಇರಲಿ: ಬಡ್ಡಿಯಿಲ್ಲದ ಕೈಗಡ, ಎರಡು ಮೂರು ಸಂಬಳದಲ್ಲಿ ಹಿಂದಿರುಗಿಸುವ ಒಪ್ಪಂದದೊಂದಿಗೆ. ಹಿಂದಿರುಗಿ ಬಂದ ಹಣ ಮುಂದಿನವನಿಗೆ. ಸಾಧ್ಯವಾದಷ್ಟೂ ಒಂದೇ ಊರಿನ ಇಬ್ಬರನ್ನು ಒಂದೇ ಜಾಗಕ್ಕೆ ಕಳಿಸಿ.

ಮೊದಲ ಸಂಬಳದ ಚೀಟಿ ಬಂದಾಗ ಫೋನಿನಲ್ಲೇ ಕುಳಿತು ಓದಿಸಿ. ಒಟ್ಟು 14,000 ಎಂದು ಹೇಳಿ ಕೈಗೆ ಕಡಿಮೆ ಬಂದರೆ ಮೋಸವಾಯಿತೆಂದು ಹುಡುಗ ಕೆಲಸ ಬಿಡುತ್ತಾನೆ. ಮೂಲ ವೇತನ 12,000 ಇದ್ದರೆ ಅದರ ಶೇ. 12ರಂತೆ ಭವಿಷ್ಯನಿಧಿಗೆ 1,440, ಒಟ್ಟು ಸಂಬಳದ ಶೇ. 0.75ರಂತೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ 105 ಹೋಗಿ ಕೈಗೆ 12,455 ಬರುತ್ತದೆ. ಭವಿಷ್ಯನಿಧಿಯ ಹಣ ಅವನದೇ, ಮಾಲೀಕರ ಪಾಲೂ ಅದರಲ್ಲಿ ಸೇರುತ್ತದೆ, ಇಎಸ್‌ಐ ಇದ್ದರೆ ಅವನನ್ನು ಅವಲಂಬಿಸಿದ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ತಿಳಿಸಿದಾಗ ಮನೆಯವರ ಲೆಕ್ಕಾಚಾರವೇ ಬದಲಾಗುತ್ತದೆ. ಇದಕ್ಕೆ ಹೊರತಾದ ಕಡಿತವಿದ್ದರೆ ಪ್ರಶ್ನೆ ಕೇಳಬೇಕು. ಭವಿಷ್ಯನಿಧಿಯಲ್ಲಿ ಅವನನ್ನು ಗುರುತಿಸುವ ಯುಎಎನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕಂಪನಿ ಬದಲಿಸಿದಾಗ ಹೊಸದೊಂದನ್ನು ಮಾಡಿಸಿಕೊಂಡರೆ ಹಳೆಯ ಹಣ ಅಲ್ಲೇ ಉಳಿಯುತ್ತದೆ.

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ. ಊರ ಜಾತ್ರೆ, ಅಕ್ಕನ ಮದುವೆ, ಹಬ್ಬ ಇವು ಹತ್ತಿರ ಬಂದಾಗ ರಜೆ ಕೇಳುವುದು ಹೇಗೆ ಎಂಬುದನ್ನು ಮೊದಲೇ ಹೇಳಿಕೊಡಿ. ಹೇಳದೆ ನಾಲ್ಕು ದಿನ ಊರಿಗೆ ಬಂದು, ಮತ್ತೆ ಹೋಗಲು ಮುಖವಿಲ್ಲದೆ ಕೆಲಸ ಬಿಟ್ಟವರು ಬಹಳ. ಸೂಪರ್‌ವೈಸರ್ ಬೈದನೆಂದು ಬಿಡುವವರಿಗೆ ಬಿಡುವ ಮೊದಲು ಒಂದು ಫೋನ್ ಮಾಡು ಎಂಬ ಒಂದೇ ಷರತ್ತು ಹಾಕಿ. ಮೂರು ತಿಂಗಳಿಗೇ ಎರಡು ಸಾವಿರ ಹೆಚ್ಚು ಸಿಗುವ ಕಡೆಗೆ ಹೋದರೆ ಅದನ್ನು ಸೋಲೆಂದು ಬರೆಯಬೇಡಿ, ಎಲ್ಲರೂ ಮಾಡುವುದು ಅದನ್ನೇ.

ಪ್ರತಿಯೊಬ್ಬರಿಗೂ ರಿಜಿಸ್ಟರಿನಲ್ಲಿ ಒಂದೇ ಪುಟವಿರಲಿ: ಮೊದಲ ಭೇಟಿಯ ದಿನ, ದಾಖಲೆಗಳ ಸ್ಥಿತಿ, ಪರೀಕ್ಷೆಯ ಬಾಕಿ ವಿಷಯಗಳು, ತರಬೇತಿ, ಕೆಲಸಕ್ಕೆ ಸೇರಿದ ದಿನ, ಮೂರನೇ ತಿಂಗಳು ಮತ್ತು ಆರನೇ ತಿಂಗಳು ಎಲ್ಲಿದ್ದಾರೆ. ದಾನಿಗಳು, ಅಧಿಕಾರಿಗಳು ಕೇಳುವುದು ಎಷ್ಟು ಜನಕ್ಕೆ ತರಬೇತಿ ಕೊಡಿಸಿದಿರಿ ಎಂದು. ನೀವು ಕೊಡಬೇಕಾದ ಲೆಕ್ಕ ಆರನೇ ತಿಂಗಳ ಕಾಲಮ್ಮಿನದು, ಅದು ಚಿಕ್ಕದಾಗಿದ್ದರೂ ಅದನ್ನೇ ಕೊಡಿ. ಮಧ್ಯದಲ್ಲಿ ಬಿಟ್ಟು ಹೋದವರ ಪುಟವನ್ನು ಹರಿಯಬೇಡಿ, ಅಡ್ಡಗೆರೆ ಎಳೆಯಬೇಡಿ. ಅವರಲ್ಲಿ ಕೆಲವರು ಮುಂದಿನ ಯುಗಾದಿಯ ಹೊತ್ತಿಗೆ, ಬಹುಪಾಲು ತಾಯಿಯ ಮೂಲಕ, ಮತ್ತೆ ವಿಚಾರಿಸುತ್ತಾರೆ. ಆಗ ಹೊಸದಾಗಿ ಶುರು ಮಾಡದೆ, ನಿಂತ ಸಾಲಿನ ಕೆಳಗೆ ದಿನಾಂಕ ಹಾಕಿ ಮುಂದುವರಿಸಿ; ಆಧಾರ್ ತಿದ್ದುಪಡಿ, ಟಿಸಿ, ಪಾಸಾದ ಎರಡು ವಿಷಯ ಇವೆಲ್ಲ ಆಗಲೇ ಮುಗಿದಿರುವುದರಿಂದ ಈ ಸಲದ ಕೆಲಸ ಬೇಗ ಸಾಗುತ್ತದೆ.